ನೂಲಿನಂತೆ ಸೀರೆ ಎಂದ ಮೇಲೆ ನೂಲು ನೋಡಬೇಡವೇ?

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ನಮ್ಮಲ್ಲಿ ಹೆಚ್ಚಾಗಿ ಬಳಕೆಗೆ ಬರುವುದು ಹೆಣ್ಣು ನೋಡುವ ಶಾಸ್ತ್ರದ ಹೊತ್ತಿಗೆ. ಮಗಳನ್ನು ಅಳೆಯಲು ತಾಯಿಯನ್ನು ನೋಡುತ್ತಾರೆ. ಆದರೆ ಸೀರೆ ಕೊಳ್ಳಲು ಹೋದವರು ನೂಲು ನೋಡುವುದನ್ನು ನಾನು ಕಂಡಿಲ್ಲ. ಬಣ್ಣ ನೋಡುತ್ತಾರೆ, ಅಂಚು ನೋಡುತ್ತಾರೆ, ಕೊನೆಗೆ ರೇಟು ನೋಡುತ್ತಾರೆ. ಗಾದೆಯ ಒಂದರ್ಧವನ್ನು ಹೆಣ್ಣುಮಕ್ಕಳ ತಲೆಗೆ ಕಟ್ಟಿ, ಇನ್ನೊಂದರ್ಧವನ್ನು ನಾವು ಮರೆತೇಬಿಟ್ಟಿದ್ದೇವೆ. ನನ್ನ ತಕರಾರು ಈ ಮರೆತ ಅರ್ಧದ ಬಗ್ಗೆ. ಅದೂ ಸೀರೆಯಿಂದ ಶುರುವಾಗುವ ತಕರಾರಲ್ಲ. ಕ್ರೋಶಾ ಕೊಕ್ಕೆಯನ್ನೋ ಹೆಣಿಗೆ ಕಡ್ಡಿಯನ್ನೋ ಹಿಡಿದ ನಾವು ಪೇಟೆಯ ಫ್ಯಾನ್ಸಿ ಸ್ಟೋರಿನಿಂದ ತರುತ್ತೇವಲ್ಲ, ಆ ನೂಲಿನ ಉಂಡೆಯಿಂದ ಶುರುವಾಗುವಂಥದ್ದು.

ಇಷ್ಟು ಸಣ್ಣ ವಿಷಯಕ್ಕೆ ಜಗಳವೇ ಎಂದು ನಿಮಗನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು, ಅಕ್ಕನ ಬಾಣಂತನದ ತನಕ.

ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ಕಡಲಿನ ಸದ್ದು ಕೇಳುವ ಊರು ನಮ್ಮದು. ಅದು ಏಪ್ರಿಲ್ ತಿಂಗಳು. ನಾನಾಗ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಯೂಟ್ಯೂಬ್ ನೋಡಿ ಕ್ರೋಶಾ ಕಲಿತ ಹೊಸ ಹುರುಪು ಬೇರೆ. ತಿಳಿಹಳದಿ ಬಣ್ಣದ ‘ಉಲ್ಲನ್’ ಆರು ಉಂಡೆ ತಂದು, ದಿನಕ್ಕೆರಡು ತಾಸಿನಂತೆ ಇಪ್ಪತ್ತು ದಿನ ಕೂತು, ಹುಟ್ಟಿದ ಮಗುವಿಗೆ ಒಂದು ಸ್ವೆಟರ್, ಒಂದು ಕುಲಾವಿ, ಎರಡು ಕಾಲುಚೀಲ ಹೆಣೆದೆ. ಫೋಟೋ ಹಾಕಿದೆ, ಮೆಚ್ಚುಗೆಗಳು ಬಂದವು. ಮಗುವಿಗೆ ಬಂದದ್ದು ಬೆವರುಗುಳ್ಳೆ. ಕುತ್ತಿಗೆಯ ಸುತ್ತ, ಕಂಕುಳಲ್ಲಿ, ಕುಲಾವಿಯ ಲಾಡಿ ಕಟ್ಟುವ ಗಲ್ಲದಡಿಯಲ್ಲಿ. ಅಮ್ಮಮ್ಮ ಎರಡು ದಿನ ಸುಮ್ಮನೆ ನೋಡಿ ಮೂರನೇ ದಿನ ಕೇಳಿಯೇಬಿಟ್ಟರು: “ಎಂತ ಮಾರಾಯ್ತಿ ಇದ್? ಈ ಸೆಕಿಗ್ ಮಗಿಗ್ ಇದ್ ಹಾಕುದಾ?”

ನಾನು ಮುನಿಸಿಕೊಂಡೆ. ಕೈಯಲ್ಲಿ ಹೆಣೆದದ್ದರ ಬೆಲೆ ಹಳೆಯ ಕಾಲದವರಿಗೆ ಗೊತ್ತಿಲ್ಲ ಎಂದುಕೊಂಡೆ. ವಾರ ಕಳೆದಿರಬೇಕು. ಮಗುವಿಗೆ ಎಣ್ಣೆಸ್ನಾನ ಮಾಡಿಸಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುತ್ತಿದ್ದರು. ಮಗು ಅಮ್ಮಮ್ಮನ ಕಾಲ ಮೇಲಿತ್ತು, ತೊಡಿಸಬೇಕಾದ ಕುಲಾವಿ ಪಕ್ಕದ ಚಾಪೆಯ ಮೇಲಿತ್ತು. ಕೆಂಡ ಸಿಡಿದು ಒಂದು ಕಿಡಿ ಆ ಕುಲಾವಿಯ ಮೇಲೆ ಬಿತ್ತು. ಅದು ಹತ್ತಿಯಂತೆ ಕರಿಯಾಗಿ ಬೂದಿಯಾಗಲಿಲ್ಲ. ಚುರುಗುಟ್ಟಿ, ಮುದುಡಿ, ಕರಗಿ, ಕಪ್ಪು ಮಣಿಯಂತೆ ಗಟ್ಟಿಯಾಯಿತು. ಅಮ್ಮಮ್ಮ ಅದನ್ನು ಎತ್ತಿ ಮೂಸಿ ನೋಡಿದರು. “ಇದ್ ಉಣ್ಣಿ ಅಲ್ಲ ಹೆಣ್ಣೆ. ಉಣ್ಣಿ ಸುಟ್ರೆ ಕೂದ್ಲ್ ಸುಟ್ಟಂಗ್ ನಾತ ಬತ್ತ್. ಇದ್ ಪ್ಲಾಸ್ಟಿಕ್.”

ಒಂದು ಗಳಿಗೆ ಹೆಚ್ಚುಕಡಿಮೆಯಾಗಿದ್ದರೆ ಆ ಕಪ್ಪು ಮಣಿ ಮಗುವಿನ ನೆತ್ತಿಗೆ ಅಂಟಿರುತ್ತಿತ್ತು. ಅಂದಿನಿಂದ ನನಗೆ ಈ ವಿಷಯ ಸಣ್ಣದೆನಿಸಿಲ್ಲ.

ಮೊದಲ ಜಗಳ ಆ ಹೆಸರಿನೊಂದಿಗೆ. ನಮ್ಮ ಪೇಟೆಗಳಲ್ಲಿ ಉಲ್ಲನ್ ಎಂದು ಮಾರುವ ಹೆಚ್ಚಿನ ಉಂಡೆಗಳಲ್ಲಿ ಕುರಿಯ ಒಂದು ಕೂದಲೂ ಇರುವುದಿಲ್ಲ. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ‘100% ಅಕ್ರಿಲಿಕ್’ ಎಂದಿರುತ್ತದೆ. ಬಿಡಿಯಾಗಿ ಮಾರುವಲ್ಲಿ ಆ ಪಟ್ಟಿಯೂ ಇಲ್ಲ. ಅಕ್ರಿಲಿಕ್ ಎಂದರೆ ಪೆಟ್ರೋಲಿಯಂನಿಂದ ಬರುವ ರಾಸಾಯನಿಕವೊಂದನ್ನು ಎಳೆಯಾಗಿಸಿದ ನಾರು. ಅಮೆರಿಕದ ಡ್ಯುಪಾಂಟ್ ಕಂಪನಿ 1950ರಲ್ಲಿ ‘ಆರ್ಲಾನ್’ ಎಂಬ ಹೆಸರಿನಲ್ಲಿ ಇದರ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಉಣ್ಣೆಯಂತೆ ಉಬ್ಬಿರುತ್ತದೆ, ಉಣ್ಣೆಗಿಂತ ಅಗ್ಗ, ನುಸಿ ತಿನ್ನುವುದಿಲ್ಲ. ಚಳಿ ದೇಶಗಳಲ್ಲಿ ಉಣ್ಣೆಯ ಸ್ವೆಟರಿಗೆ ದುಡ್ಡಿಲ್ಲದವರಿಗೆ ಅದು ನಿಜಕ್ಕೂ ಉಪಕಾರ ಮಾಡಿತು. ಆದರೆ ಅಲ್ಲಿ ಬದಲಿಯಾಗಿ ಬಂದದ್ದು ಇಲ್ಲಿ ಅಸಲಿನ ಹೆಸರನ್ನೇ ಹೊತ್ತು ಕೂತಿತು. ಭಾಷೆಯನ್ನು ಪ್ರೀತಿಸುವ ನೀವು ಇದನ್ನು ಸುಮ್ಮನೆ ಬಿಡಬಾರದು. ಡಾಲ್ಡಾವನ್ನು ತುಪ್ಪ ಎಂದು ಕರೆದರೆ ಜಗಳಕ್ಕೆ ನಿಲ್ಲುವ ನಾವು ಪ್ಲಾಸ್ಟಿಕ್ಕನ್ನು ಉಣ್ಣೆ ಎಂದು ಕರೆದು, ಅದನ್ನು ಹಸುಗೂಸಿನ ತಲೆಗೆ ಕಟ್ಟುತ್ತೇವೆ.

ಎರಡನೆಯ ಜಗಳ ಸೆಕೆಯದ್ದು. ನಮ್ಮ ಕರಾವಳಿಯಲ್ಲಿ ಡಿಸೆಂಬರಿನ ಬೆಳಗಿನಲ್ಲೂ ಚಳಿ 20 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮ ಕಷ್ಟ ಚಳಿಯದ್ದಲ್ಲ, ಬೆವರಿನದು. ಗಾಳಿಯಲ್ಲೇ ನೀರಿರುವುದರಿಂದ ಮೈಯ ಬೆವರು ಆರುವುದಿಲ್ಲ. ಇಂಥಲ್ಲಿ ಬಟ್ಟೆಯ ನಾರು ತೇವವನ್ನು ಹೀರಿಕೊಳ್ಳುತ್ತದೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ. ಜವಳಿ ಪ್ರಯೋಗಾಲಯಗಳಲ್ಲಿ ಇದನ್ನು ಅಳೆಯುವ ಕ್ರಮವಿದೆ. ಚೆನ್ನಾಗಿ ಒಣಗಿಸಿದ ನಾರನ್ನು ಶೇ. 65 ತೇವಾಂಶವಿರುವ ಗಾಳಿಯಲ್ಲಿಟ್ಟು ಅದು ತನ್ನ ತೂಕದ ಎಷ್ಟು ಪಾಲು ನೀರನ್ನು ಎಳೆದುಕೊಳ್ಳುತ್ತದೆ ಎಂದು ನೋಡುತ್ತಾರೆ. ಉಣ್ಣೆ ಶೇ. 16ರಷ್ಟು, ಹತ್ತಿ ಶೇ. 8ರಷ್ಟು ಎಳೆದುಕೊಳ್ಳುತ್ತವೆ. ಅಕ್ರಿಲಿಕ್ ಶೇ. 1ರಿಂದ 2ರಷ್ಟು ಮಾತ್ರ. ಅಂದರೆ ಬೆವರು ಮೈಗೂ ನೂಲಿಗೂ ನಡುವೆ ಹಾಗೇ ನಿಲ್ಲುತ್ತದೆ. ಮಗುವಿನ ಬೆವರುಗುಳ್ಳೆ ಅಮ್ಮಮ್ಮನ ಹಳೆಯ ಕಾಲದ ಅನುಮಾನವಾಗಿರಲಿಲ್ಲ, ಈ ಲೆಕ್ಕದ ಫಲವಾಗಿತ್ತು.

ನಾನು ನೋಡಿ ಕಲಿತ ವಿಡಿಯೋದಲ್ಲಿ ಹೇಳಿಕೊಡುವ ಹೆಂಗಸೇ ಸ್ವೆಟರ್ ತೊಟ್ಟಿದ್ದಳು. ಅವಳ ಹಿಂದಿನ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಅವಳ ತಪ್ಪೇನೂ ಇಲ್ಲ, ಅವಳ ಊರಿಗೆ ಬೇಕಾದದ್ದನ್ನು ಅವಳು ಹೇಳಿದಳು. ಫ್ಯಾನಿನ ಕೆಳಗೆ ಬನಿಯನ್ ಅಂಟಿಸಿಕೊಂಡು ಕೂತು ಅದನ್ನು ಅಕ್ಷರಶಃ ಪಾಲಿಸಿದ್ದು ನಾನು. ವಿನ್ಯಾಸವನ್ನು ಎಲ್ಲಿಂದ ಬೇಕಾದರೂ ತನ್ನಿ, ನೂಲನ್ನು ಮಾತ್ರ ನಿಮ್ಮ ಊರಿನ ಹವೆಯನ್ನು ಕೇಳಿ ಆರಿಸಿ. ನನ್ನ ಇಡೀ ವಾದ ಇಷ್ಟೇ.

ಹಾಗೆ ಕೇಳಿ ಆರಿಸುವುದು ನಮ್ಮ ಊರಿಗೆ ಹೊಸದೇನಲ್ಲ. ಅಮ್ಮಮ್ಮನಿಗೆ ಉಣ್ಣೆ ಸುಟ್ಟ ವಾಸನೆ ಗೊತ್ತಿದ್ದದ್ದು ಕಂಬಳಿಯಿಂದ. ಕರಾವಳಿಯಲ್ಲಿ ಕುರಿ ಸಾಕುವವರಿಲ್ಲ. ಘಟ್ಟದ ಮೇಲಿನ ಒಣಬಯಲಿನ ಕುರಿಗಳ ಉಣ್ಣೆಯಿಂದ ಕುರುಬರು ನೇಯ್ದ ಕಂಬಳಿ ಘಟ್ಟವಿಳಿದು ಇಲ್ಲಿಗೆ ಬರುತ್ತಿತ್ತು. ಸೆಕೆಯ ಊರಿಗೆ ಕಂಬಳಿ ಯಾಕೆ? ಮಳೆಗೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ನಾಟಿ ಮಾಡುವವರು ಗೊರಬು ಹೊದ್ದರು, ಇಲ್ಲವೇ ಕಂಬಳಿಯ ಕೊಪ್ಪೆ ಹಾಕಿಕೊಂಡರು. ಒರಟು ಉಣ್ಣೆಯ ಮೇಲೆ ನೀರು ಜಾರುತ್ತದೆ. ಒಳಗೆ ನೆನೆದರೂ ಉಣ್ಣೆ ಮೈಯನ್ನು ಬೆಚ್ಚಗಿಡುತ್ತದೆ. ಬಿಸಿಲು ಬಂದರೆ ಅದೇ ಜನ ಹತ್ತಿಯ ಬೈರಾಸಿಗೆ ಮರಳಿದರು. ಉಣ್ಣೆ ಒಳ್ಳೆಯದು, ಹತ್ತಿ ಒಳ್ಳೆಯದು ಎಂಬ ತೀರ್ಮಾನ ಅವರಿಗೆ ಬೇಕಿರಲಿಲ್ಲ. ಯಾವ ಕೆಲಸಕ್ಕೆ, ಯಾವ ತಿಂಗಳಲ್ಲಿ ಎಂಬುದು ಗೊತ್ತಿದ್ದರೆ ಸಾಕಿತ್ತು. ದೋಣಿ ಕಟ್ಟಲು ಅವರು ಹತ್ತಿಯ ಹಗ್ಗ ತರಲಿಲ್ಲ, ಕತ್ತದ ಹಗ್ಗ ತಂದರು. ತೆಂಗಿನ ನಾರು ಉಪ್ಪುನೀರಿಗೆ ಬಗ್ಗುವುದಿಲ್ಲ ಎಂದು ಅವರಿಗೆ ತಿಳಿದಿತ್ತು.

ನೂಲು ಆರಿಸುವ ವಿದ್ಯೆಯನ್ನು ಇವತ್ತಿಗೂ ಕಣ್ಣಾರೆ ನೋಡಬೇಕೆಂದರೆ ಕ್ರೋಶಾ ತರಗತಿಗೆ ಹೋಗಬೇಡಿ, ಗಂಗೊಳ್ಳಿ ಬಂದರಿಗೆ ಹೋಗಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನಗಳಲ್ಲಿ ಬಲೆ ರಿಪೇರಿ ನಡೆಯುತ್ತದೆ. ಮೊಳಕೈಯಷ್ಟು ದಪ್ಪದ ಅನುಭವ ಅಲ್ಲಿದೆ. ಯಾವ ಮೀನಿಗೆ ಎಷ್ಟು ದೊಡ್ಡ ಕಣ್ಣು, ಆ ಕಣ್ಣಿಗೆ ಎಷ್ಟು ದಪ್ಪದ ನೂಲು, ಎಷ್ಟು ತಿರುಪು, ಗಂಟು ಜಾರುತ್ತದೋ ಕಚ್ಚುತ್ತದೋ ಎಂದು ಬೆರಳಿನಲ್ಲೇ ಹೇಳುವವರು ಇದ್ದಾರೆ. ಇದೂ ಹೆಣಿಗೆಯೇ. ಗಂಡಸರು ಮಾಡಿದರೆ ಅದು ಕಸುಬು, ಹೆಂಗಸರು ಜಗಲಿಯಲ್ಲಿ ಕೂತು ಮಾಡಿದರೆ ಟೈಂಪಾಸ್ ಎಂಬ ವ್ಯತ್ಯಾಸ ಬಿಟ್ಟರೆ.

ಈ ಬಂದರಿನಿಂದಲೇ ನನ್ನ ವಾದಕ್ಕೊಂದು ಎದುರುವಾದವೂ ಹುಟ್ಟುತ್ತದೆ. ಹಿಂದೆ ಬಲೆಗಳು ಹತ್ತಿ ಮತ್ತು ಸೆಣಬಿನವು. ಕಡಲಿನಿಂದ ಬಂದ ಕೂಡಲೇ ಒಣಗಿಸದಿದ್ದರೆ ಕೊಳೆಯುತ್ತಿದ್ದವು. ಕೊಳೆಯದಿರಲೆಂದು ತೊಗಟೆಯ ಚೊಗರಿನಲ್ಲಿ ಮತ್ತೆ ಮತ್ತೆ ಅದ್ದಬೇಕಿತ್ತು. ಕಳೆದ ಶತಮಾನದ ಮಧ್ಯದ ನಂತರ ನೈಲಾನ್ ಬಂದಿತು. ಹಗುರ, ಗಟ್ಟಿ, ಕೊಳೆಯುವುದಿಲ್ಲ. ಮೀನುಗಾರರು ಅದನ್ನು ಅಪ್ಪಿಕೊಂಡರು, ಸರಿಯಾಗಿಯೇ ಮಾಡಿದರು. ಹತ್ತಿ ಬಲೆಯ ಸೊಬಗಿನ ಬಗ್ಗೆ ಬರೆಯುವವರು ಅದನ್ನು ಹೊತ್ತು ಒಣಗಿಸಿದವರಲ್ಲ. ಆದ್ದರಿಂದ ‘ನೈಸರ್ಗಿಕವಾದದ್ದೆಲ್ಲ ಪವಿತ್ರ, ಕೃತಕವಾದದ್ದೆಲ್ಲ ಪಾಪ’ ಎಂಬವರ ಸಾಲಿನಲ್ಲಿ ನಾನಿಲ್ಲ.

ಆದರೆ ಬಲೆಗೆ ಗುಣವಾದದ್ದು ಎಲ್ಲದಕ್ಕೂ ಗುಣವಲ್ಲ. ಕೊಳೆಯುವುದಿಲ್ಲ ಎಂಬುದು ಬಳಕೆಯಲ್ಲಿರುವ ಬಲೆಯ ಗುಣ. ಅದೇ ಬಲೆ ಹರಿದು ಕಡಲಿನಲ್ಲಿ ಕಳೆದುಹೋದರೆ ಯಾರಿಗೂ ಬೇಡದ ಮೀನನ್ನು ವರ್ಷಗಟ್ಟಲೆ ಕೊಲ್ಲುತ್ತಾ ಕೂರುತ್ತದೆ. ನಮ್ಮ ಅಕ್ರಿಲಿಕ್ ಹೆಣಿಗೆಯೂ ಕೊನೆಗೆ ಅಲ್ಲಿಗೇ ಹೋಗುತ್ತದೆ, ಇನ್ನೂ ಸಣ್ಣದಾಗಿ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಮಷಿನ್ನಿನಲ್ಲಿ ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಬಿಡಬಹುದು. ನಮ್ಮ ಮನೆಯ ಬಚ್ಚಲ ನೀರು ತೋಡಿಗೆ, ತೋಡು ಹೊಳೆಗೆ, ಹೊಳೆ ಪಂಚಗಂಗಾವಳಿಗೆ. ಆಮೇಲೆ ಬಂಗುಡೆಯ ಹೊಟ್ಟೆಯ ಬಗ್ಗೆ ಸಂಪಾದಕೀಯ ಬರೆದು ಪ್ರಯೋಜನವಿಲ್ಲ.

ಮೂರನೆಯ ಜಗಳ ದುಡ್ಡಿನದ್ದು. ಇದೇ ದೊಡ್ಡದು. ಹತ್ತಿಯ ನೂಲಿನ ಬಗ್ಗೆ ನಾನು ಬಾಯಿ ತೆರೆದ ಕೂಡಲೇ ಬರುವ ಉತ್ತರ ‘ರೇಟು ಜಾಸ್ತಿ ಮಾರಾಯ್ತಿ’ ಎಂಬುದು. ಹಾಗಾದರೆ ನನ್ನ ಹಳದಿ ಸ್ವೆಟರಿನ ಲೆಕ್ಕ ನೋಡೋಣ. ಆರು ಉಂಡೆಗೆ 180 ರೂಪಾಯಿ. ಹತ್ತಿಯದಾಗಿದ್ದರೆ 500 ಆಗುತ್ತಿತ್ತು ಎಂದಿಟ್ಟುಕೊಳ್ಳಿ. ಉಳಿಸಿದ್ದು 320 ರೂಪಾಯಿ. ದುಡಿದದ್ದು ನಲವತ್ತು ತಾಸು. ತಾಸಿಗೆ 50 ರೂಪಾಯಿಯ ಹಾಗೆ ಹಿಡಿದರೂ 2,000 ರೂಪಾಯಿಯ ದುಡಿಮೆ. ಎರಡು ಸಾವಿರದ ದುಡಿಮೆಯನ್ನು ನೂರ ಎಂಬತ್ತರ ಪ್ಲಾಸ್ಟಿಕ್ಕಿನ ಮೇಲೆ ಸುರಿದೆ. ಮನೆ ಕಟ್ಟುವವನು ಮೇಸ್ತ್ರಿಗೆ ಕೂಲಿ ಕೊಟ್ಟು ಸಿಮೆಂಟಿನಲ್ಲಿ ಉಳಿಸಲು ಹೋದರೆ ಅವನನ್ನು ಏನೆನ್ನುತ್ತೀರಿ?

ನಾವು ಹಾಗೆ ಮಾಡುವುದಕ್ಕೆ ಕಾರಣ ಒಂದೇ. ಆ ನಲವತ್ತು ತಾಸು ನಮ್ಮ ಲೆಕ್ಕದಲ್ಲಿ ಸೊನ್ನೆ. ಹೆಂಗಸಿನ ಕೈಗೆಲಸಕ್ಕೆ ಕೂಲಿಯಿಲ್ಲ, ಆದ್ದರಿಂದ ಬೆಲೆಯಿಲ್ಲ, ಆದ್ದರಿಂದ ಅಗ್ಗದ ನೂಲು ಸಾಕು. ಆಮೇಲೆ ಅಗ್ಗದ ನೂಲಿನ ಕೆಲಸ ಎರಡೇ ಒಗೆತಕ್ಕೆ ಗುಂಡುಗುಂಡಾಗಿ ಜುಂಗೆದ್ದಾಗ ‘ಕೈಕೆಲಸ ಅಂದ್ರೆ ಇಷ್ಟೇ’ ಎಂಬ ತೀರ್ಪು. ಶಾಲೆಯಲ್ಲಿ ನನಗೆ ಕ್ರಾಫ್ಟ್ ಪರೀಕ್ಷೆಗೆ ತರಲು ಹೇಳಿದ್ದೂ ಇದೇ ಉಲ್ಲನ್. ಬಾಗಿಲ ತೋರಣ ಮಾಡಿ ಅಂಕ ತೆಗೆದುಕೊಂಡೆವು. ನೂಲು ಯಾವುದು, ಎಲ್ಲಿಯದು, ಯಾಕೆ ಇದೇ ಎಂದು ಯಾರೂ ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಈ ಸೊನ್ನೆ ಲೆಕ್ಕದ ಮೇಲೆ ಇಡೀ ಒಂದು ಉದ್ಯಮವೇ ನಿಂತಿದ್ದನ್ನು ತೋರಿಸಿಕೊಟ್ಟವರು ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ, ಕ್ರೈಸ್ತ ಮಿಷನರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಲಿಸಿದ ಕ್ರೋಶಾ ಲೇಸನ್ನು ಸಾವಿರಾರು ಹೆಂಗಸರು ಮನೆಯಲ್ಲಿ ಕೂತು ಹೆಣೆಯುತ್ತಿದ್ದರು. ಅದು ವಿದೇಶಕ್ಕೆ ರಫ್ತಾಗುತ್ತಿತ್ತು. ಮೀಸ್ 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಾಣುವುದು ಇದು: ವ್ಯಾಪಾರಿ ನೂಲು ಕೊಡುತ್ತಾನೆ, ಹೆಣೆದ ತುಂಡನ್ನು ಒಯ್ಯುತ್ತಾನೆ, ಹೆಂಗಸಿಗೆ ತನ್ನ ಲೇಸು ಎಲ್ಲಿಗೆ ಹೋಗುತ್ತದೆ ಎಂದೂ ಗೊತ್ತಿಲ್ಲ. ಅವಳು ಕೆಲಸಗಾರ್ತಿ ಅಲ್ಲ, ‘ಮನೆಯಲ್ಲಿ ಬಿಡುವಾಗಿರುವ ಗೃಹಿಣಿ’. ಆದ್ದರಿಂದ ಅವಳಿಗೆ ಕೊಟ್ಟದ್ದು ಕೂಲಿಯ ಹೆಸರಿಗೂ ಸಾಲದ ಚಿಲ್ಲರೆ. ನೂಲು ಯಾರ ಕೈಯಲ್ಲಿದೆಯೋ ಹೆಣೆಯುವ ಕೈ ಅವರ ಹಿಡಿತದಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಡ. ಇವತ್ತು ಇನ್‌ಸ್ಟಾಗ್ರಾಂನಲ್ಲಿ ಕೀಚೈನು, ಗೊಂಬೆ, ಹೂಗುಚ್ಛ ಹೆಣೆದು ಮಾರುವ ನನ್ನ ಗೆಳತಿಯರು ನೂಲಿನ ದುಡ್ಡು ಮತ್ತು ಕೊರಿಯರ್ ದುಡ್ಡು ಸೇರಿಸಿ ಅದಕ್ಕೆ ಐವತ್ತು ರೂಪಾಯಿ ಕೂಡಿಸಿ ಬೆಲೆ ಹೇಳುತ್ತಾರೆ. ತಮ್ಮ ತಾಸುಗಳನ್ನು ಸೇರಿಸುವುದಿಲ್ಲ. ವ್ಯಾಪಾರಿಯೇ ಇಲ್ಲದೆ ತಾವೇ ತಮ್ಮನ್ನು ನರಸಾಪುರ ಮಾಡಿಕೊಂಡಿದ್ದಾರೆ.

ನೂಲನ್ನು ಯಾರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆ ನಮ್ಮ ನಾಡಿನಲ್ಲೇ ಒಮ್ಮೆ ರಾಜಕೀಯದ ನಡುಮನೆಗೆ ಬಂದಿತ್ತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನವು ಕಾಂಗ್ರೆಸ್ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ಕೈನೂಲನ್ನು ಚಂದಾ ಎಂದು ಗೊತ್ತುಪಡಿಸಿತು. ಆ ನಿಯಮ ಬಹಳ ದಿನ ನಡೆಯಲಿಲ್ಲ, ನಡೆಯುವಂಥದ್ದೂ ಆಗಿರಲಿಲ್ಲ. ಆದರೂ ಮೈಮೇಲಿನ ಬಟ್ಟೆಯ ನೂಲು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವುದು ಓದುಬರಹ ಬಲ್ಲವರ ಕರ್ತವ್ಯ ಎಂಬ ಕಾಲವೊಂದು ಇತ್ತಲ್ಲ, ಅದನ್ನು ನೆನಪಿಡಬೇಕು.

ಈಗ ಬ್ರಹ್ಮಾವರದ ಕಡೆ ಬನ್ನಿ. ನಮ್ಮ ಹವೆಗೆ ಒಪ್ಪುವ ನೂಲನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ. ಉಡುಪಿ ಸೀರೆ ಎಂದು 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೈಮಗ್ಗದ ಹತ್ತಿ ಸೀರೆ ಹುಟ್ಟಿದ್ದೇ ಈ ಸೆಕೆಗಾಗಿ. ತೆಳು ನೂಲು, ಹಗುರ ನೇಯ್ಗೆ, ಗಾಳಿಯಾಡುವ ಬಟ್ಟೆ. ಬ್ರಹ್ಮಾವರ, ಶಿವಳ್ಳಿ, ಕಿನ್ನಿಗೋಳಿಯ ತಾಳಿಪಾಡಿ ಮುಂತಾದೆಡೆ ಶೆಟ್ಟಿಗಾರರು ಅದನ್ನು ನೇಯ್ದರು. ಮಕ್ಕಳು ಬೇರೆ ಕೆಲಸಕ್ಕೆ ಹೋದರು, ಮಗ್ಗಗಳು ಅಟ್ಟ ಸೇರಿದವು, ಉಳಿದವರು ಬೆರಳೆಣಿಕೆಗೆ ಇಳಿದರು. ಕಾರ್ಕಳದ ಕದಿಕೆ ಟ್ರಸ್ಟ್ ತಾಳಿಪಾಡಿಯ ನೇಕಾರರ ಸಂಘದೊಂದಿಗೆ ಸೇರಿ ಅದನ್ನು ಮತ್ತೆ ಎಬ್ಬಿಸಲು ದುಡಿಯುತ್ತಿದೆ. ಆದರೆ ನೂಲು ಮಾತ್ರ ನೇಕಾರರ ಕೈಯಲ್ಲಿಲ್ಲ, ದೂರದ ಗಿರಣಿಗಳಿಂದ ಬರಬೇಕು. ಕೈಮಗ್ಗಕ್ಕೆ ಬೇಕಾದದ್ದು ಲಡಿ ನೂಲು. ಗಿರಣಿಗೆ ಸುಲಭವಾದದ್ದು ಪವರ್‌ಲೂಮಿಗೆ ಹೊಂದುವ ಕೋನ್. ಆದ್ದರಿಂದಲೇ ಗಿರಣಿಗಳು ದೇಶದ ಮಾರುಕಟ್ಟೆಗೆ ಕೊಡುವ ನೂಲಿನ ಒಂದು ಪಾಲನ್ನು ಲಡಿಯಾಗಿಯೇ ಕಟ್ಟಬೇಕೆಂಬ ಸರ್ಕಾರಿ ನಿಯಮವಿದೆ. ಶೇ. 50 ಇದ್ದ ಆ ಪಾಲು 2003ರಲ್ಲಿ ಶೇ. 40ಕ್ಕೆ, 2019ರಲ್ಲಿ ಶೇ. 30ಕ್ಕೆ ಇಳಿಯಿತು. ಇದಕ್ಕಾಗಿ ನಮ್ಮ ಸಾಹಿತ್ಯ ಸಭೆಗಳಲ್ಲಿ ಯಾರೂ ದನಿಯೆತ್ತಿದ್ದು ನಾನು ಕೇಳಿಲ್ಲ. ಕೈಮಗ್ಗದ ಸೀರೆ ಉಟ್ಟು ವೇದಿಕೆ ಹತ್ತಿದವರನ್ನು ಬಹಳ ನೋಡಿದ್ದೇನೆ.

ಮಗ್ಗಕ್ಕೂ ಕ್ರೋಶಾಕ್ಕೂ ಏನು ಸಂಬಂಧ? ನೂಲಿನ ಲೆಕ್ಕ ಒಂದೇ. ಹತ್ತಿ ನೂಲಿನ ದಪ್ಪವನ್ನು ‘ಕೌಂಟ್’ನಲ್ಲಿ ಹೇಳುತ್ತಾರೆ. ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿ ಇವೆ ಎಂಬುದೇ ಕೌಂಟ್. ಸಂಖ್ಯೆ ಏರಿದಷ್ಟೂ ನೂಲು ತೆಳು. 20 ಕೌಂಟಿನ ಒಂಟಿ ಎಳೆ ಒಂದು ಗ್ರಾಮಿಗೆ ಸುಮಾರು 34 ಮೀಟರ್ ಬರುತ್ತದೆ. ಅಂಥ ಆರು ಎಳೆ ಒಟ್ಟು ಸೇರಿಸಿದರೆ ಗ್ರಾಮಿಗೆ ಐದೂವರೆ ಮೀಟರಿನಷ್ಟು, ಹೆಚ್ಚುಕಡಿಮೆ ಕ್ರೋಶಾ ಲೇಸಿನ ದಾರದ ದಪ್ಪ. ಬರೀ ಸೇರಿಸಿದರೆ ಕೊಕ್ಕೆಗೆ ಎಳೆ ಬಿಚ್ಚಿಕೊಂಡು ತಲೆ ಕೆಡುತ್ತದೆ, ತಿರುಪು ಹಾಕಬೇಕು. ನಾನು ಹಳೆಯ ಕದಿರಿನಂಥ ಒಂದು ಕಡ್ಡಿಯಲ್ಲಿ ತಿರುಪು ಹಾಕಿ ಒಂದು ಕುಲಾವಿ ಮಾಡಿದೆ. ಚಂದವೇನೂ ಬರಲಿಲ್ಲ, ಆದರೆ ಅಕ್ಕನ ಎರಡನೇ ಮಗು ಅದನ್ನು ಹಾಕಿಕೊಂಡು ಇಡೀ ಮಧ್ಯಾಹ್ನ ನಿದ್ದೆ ಮಾಡಿತು.

ಇನ್ನು ಆಕ್ಷೇಪಗಳು. ‘ನಮ್ಮ ಮಳೆಗಾಲದಲ್ಲಿ ಹತ್ತಿ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.’ ನಿಜ. ಆಷಾಢದಲ್ಲಿ ದಪ್ಪ ಹತ್ತಿಯ ಹೆಣಿಗೆ ನಾಲ್ಕು ದಿನವಾದರೂ ಹಸಿ. ಅದಕ್ಕೆ ಉತ್ತರ ತೆಳು ನೂಲು, ಸಡಿಲ ಹೆಣಿಗೆ, ಪ್ಲಾಸ್ಟಿಕ್ಕಲ್ಲ. ‘ಹತ್ತಿ ಜೋತು ಬೀಳುತ್ತದೆ.’ ಅದೂ ನಿಜ. ಹತ್ತಿ ಭಾರ, ಉಣ್ಣೆಯಂತೆ ಸೆಳೆದು ಬಿಟ್ಟರೆ ಹಿಂದಕ್ಕೆ ಬರುವ ಗುಣ ಅದಕ್ಕಿಲ್ಲ. ಆದ್ದರಿಂದ ಅಂಚನ್ನು ಬಿಗಿಯಾಗಿ ಹೆಣೆಯಬೇಕು, ಉದ್ದವನ್ನು ತುಸು ಕಡಿಮೆ ಇಡಬೇಕು. ‘ಹತ್ತಿ ಬೆಳೆಗೆ ಎಷ್ಟು ನೀರು, ಎಷ್ಟು ಔಷಧಿ!’ ಇದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೇ ಹೇಳುತ್ತೇನೆ, ಕಡಿಮೆ ಹೆಣೆಯಿರಿ, ಬಾಳುವುದನ್ನು ಹೆಣೆಯಿರಿ. ಟಿವಿಗೆ, ಫ್ರಿಜ್ಜಿಗೆ, ಗ್ಯಾಸ್ ಸಿಲಿಂಡರಿಗೆ ಅಂಗಿ ಹೊಲಿಯುವ ಕಾಲ ಮುಗಿಯಲಿ. ‘ಅಕ್ರಿಲಿಕ್ಕೇ ಬೇಡವೇ?’ ಶೋಕೇಸಿನ ಗೊಂಬೆಗೆ, ಬೆಂಗಳೂರಿನ ಹಾಸ್ಟೆಲಿನಲ್ಲಿ ಚಳಿಗೆ ನಡುಗುವ ತಮ್ಮನ ಮಫ್ಲರಿಗೆ, ಕಲಿಯುವವರು ಕಟ್ಟಿ ಬಿಚ್ಚಿ ಮತ್ತೆ ಕಟ್ಟುವ ಮೊದಲ ತುಂಡಿಗೆ ಧಾರಾಳವಾಗಿ ತನ್ನಿ. ಹಸುಗೂಸಿನ ಮೈಗೆ, ಒಲೆಯ ಬಳಿಯ ಬಿಸಿಪಾತ್ರೆ ಹಿಡಿಯುವ ಬಟ್ಟೆಗೆ, ದೇವರ ದೀಪದ ಸುತ್ತಿನ ಅಲಂಕಾರಕ್ಕೆ ಬೇಡ. ಇಸ್ತ್ರಿ ತಾಗಿದರೂ ಅದರ ಜೀವ ಹೋಗುತ್ತದೆ. ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುವ ವಸ್ತುವನ್ನು ಬೆಂಕಿಯ ಹತ್ತಿರ ಇಡುವುದು ಅಭಿರುಚಿಯ ಪ್ರಶ್ನೆಯಲ್ಲ.

ಮುಂದಿನ ಸಲ ಅಂಗಡಿಗೆ ಹೋದಾಗ ಮೊದಲು ಪಟ್ಟಿ ಓದಿ. ತೂಕದೊಂದಿಗೆ ಉದ್ದವನ್ನೂ ನೋಡಿ, ಹೆಣೆಯುವುದು ಮೀಟರಿನಲ್ಲೇ ಹೊರತು ಗ್ರಾಮಿನಲ್ಲಲ್ಲ. ಬಣ್ಣದ ಲಾಟ್ ನಂಬರ್ ಒಂದೇ ಇದೆಯೇ ನೋಡಿ, ಇಲ್ಲದಿದ್ದರೆ ಬೆನ್ನಿಗೊಂದು ಹಳದಿ, ತೋಳಿಗೊಂದು ಹಳದಿ. ಮೇಜಿನ ಹೊದಿಕೆಗೆ, ಲೇಸಿಗೆ ಕಾಸ್ಟಿಕ್ ಸೋಡಾದಲ್ಲಿ ಹದಮಾಡಿದ ಹೊಳಪಿನ ಮರ್ಸರೈಸ್ಡ್ ಹತ್ತಿ ಒಳ್ಳೆಯದು. ಮೈ ಒರೆಸುವುದಕ್ಕೆ, ಮಗುವಿನ ಮೈಗೆ ಹೊಳಪಿಲ್ಲದ ಮೆತ್ತನೆಯ ಹತ್ತಿಯೇ ಒಳ್ಳೆಯದು, ಅದು ನೀರು ಕುಡಿಯುತ್ತದೆ. ಒಂದೇ ಉಂಡೆ ತಂದು ಅಂಗೈಯಷ್ಟು ಹೆಣೆದು, ನಿಮ್ಮ ಬಾವಿಯ ನೀರಿನಲ್ಲಿ ನಿಮ್ಮ ಸಾಬೂನಿನಲ್ಲಿ ತಿಕ್ಕಿ ಒಣಹಾಕಿ. ಬಣ್ಣ ಬಿಡುತ್ತದೋ, ಕುಗ್ಗುತ್ತದೋ, ಜುಂಗೇಳುತ್ತದೋ ಆಗ ಗೊತ್ತಾಗುತ್ತದೆ. ಒಣಗಿದ ಮೇಲೆ ಕುತ್ತಿಗೆಯ ಹಿಂಬದಿಗೆ ಇಟ್ಟುಕೊಂಡು ಫ್ಯಾನಿಲ್ಲದೆ ಹತ್ತು ನಿಮಿಷ ಕೂರಿ. ಅನುಮಾನವಿದ್ದರೆ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಸುಟ್ಟು ನೋಡಿ. ಕಾಗದದ ವಾಸನೆ ಬಂದರೆ ಹತ್ತಿ, ಕೂದಲಿನ ವಾಸನೆ ಬಂದರೆ ಉಣ್ಣೆ, ಕಪ್ಪು ಮಣಿ ಉಳಿದರೆ ಅಮ್ಮಮ್ಮ ಹೇಳಿದ್ದು.

ಕಳೆದ ತಿಂಗಳು ಅದೇ ಫ್ಯಾನ್ಸಿ ಸ್ಟೋರಿಗೆ ಹೋಗಿದ್ದೆ. “ಹತ್ತಿಯ ದಾರ ತರಿಸ್ತೀರಾ?” ಎಂದು ಕೇಳಿದೆ. “ಯಾರೂ ಕೇಳುದಿಲ್ಲ ಮೇಡಂ, ಕೇಳಿದ್ರೆ ತರ್ಸುವ” ಎಂದರು. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಕೇಳದ್ದನ್ನು ಅವರು ಯಾಕೆ ತಂದಿಟ್ಟಾರು? ನಾನು ಹೆಸರು, ನಂಬರು ಬರೆಸಿ ಬಂದಿದ್ದೇನೆ. ನೀವೂ ನಿಮ್ಮ ಪೇಟೆಯಲ್ಲಿ ಹೋಗಿ ಕೇಳಿ. ಉಲ್ಲನ್ ಕೊಡಿ ಎನ್ನುವ ಬದಲು ‘ಅಕ್ರಿಲಿಕ್ ಇದೆಯಾ, ಹತ್ತಿ ಇದೆಯಾ’ ಎಂದು ಹೆಸರು ಹಿಡಿದು ಕೇಳಿ. ಅಷ್ಟಾದ ಮೇಲೆ ಬೇಕಿದ್ದರೆ ಗಾದೆ ಹೇಳೋಣ, ಈ ಸಲ ಸೀರೆಯ ಅರ್ಧವನ್ನು ಮೊದಲು.